ಸಹಿಸಿಕೊಳ್ಳಬೇಡಿ ಅಕ್ಕ, ಹೇಳಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಅಕ್ಕತಂಗಿಯರಿಗೆ, ಅವರ ಮನೆಯವರಿಗೆ ಮತ್ತು ಎರಡೂ ಜಿಲ್ಲೆಗಳ ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ ಬಹಿರಂಗ ಪತ್ರ

ಅಕ್ಕ,

ಕೀಮೋದ ಕೆಂಪು ಔಷಧಿಯ ಮೂರನೇ ಸುತ್ತು ಮುಗಿಸಿ ಮನೆಗೆ ಬಂದಿದ್ದೀರಿ. ನಾಲ್ಕನೇ ದಿನ ನೀರೂ ರುಚಿಸುತ್ತಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದಾಗ "ಇನ್ನು ನನ್ನ ಕೈಲಾಗಲ್ಲ, ಸಾಕು" ಅನ್ನಿಸಿದರೆ ಗಾಬರಿಯಾಗಬೇಡಿ, ನಾಚಿಕೆಯೂ ಬೇಡ. ಆ ಹೊತ್ತಿನಲ್ಲಿ ಎಂಥ ಗಟ್ಟಿಗಿತ್ತಿಗೂ ಹಾಗನ್ನಿಸುತ್ತದೆ. ನಾವು ಕೀಮೋ ಹಾಕುವ, ಡ್ರೆಸಿಂಗ್ ಮಾಡುವ, ರಿಪೋರ್ಟ್ ನೋಡಿ ಮುಂದಿನ ತಾರೀಕು ಬರೆದುಕೊಡುವ ಕೆಲಸದವರು. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಸಹಿಸಿಕೊಳ್ಳುವುದು ಚಿಕ್ಕಂದಿನಿಂದ ಬಂದ ವಿದ್ಯೆ. ಹಲ್ಲು ಕಚ್ಚಿ ತಡೆದುಕೊಂಡವಳನ್ನೇ ಊರು ಹೊಗಳುತ್ತದೆ. ಈ ಕಾಯಿಲೆ ಮುಗಿಯುವ ತನಕ ಆ ವಿದ್ಯೆಯನ್ನು ದಯವಿಟ್ಟು ಪಕ್ಕಕ್ಕಿಡಿ. ಇಲ್ಲಿ ನೀವು ಬಾಯಿಬಿಟ್ಟು ಹೇಳಿದ ಒಂದೊಂದು ತೊಂದರೆಗೂ ಏನಾದರೂ ಮದ್ದಿದೆ. ಹೇಳದೆ ಉಳಿದದ್ದೇ ಬೆಳೆದು ಚಿಕಿತ್ಸೆಗೆ ಅಡ್ಡ ಬೀಳುತ್ತದೆ.

ಮೊದಲು ಕೀಮೋ ಕುರ್ಚಿಯ ಮಾತು. ಕೆಂಪು ಔಷಧಿ, ಅಂದರೆ ಡಾಕ್ಸೋರುಬಿಸಿನ್, ನರದೊಳಗೆ ಇರುವಷ್ಟು ಹೊತ್ತು ತೊಂದರೆಯಿಲ್ಲ. ನರದಿಂದ ಹೊರಗೆ, ಚರ್ಮದ ಕೆಳಗೆ ಸೋರಿದರೆ ಮಾಂಸವನ್ನೇ ಸುಟ್ಟು ಹುಣ್ಣು ಮಾಡುತ್ತದೆ. ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಚುಚ್ಚಿದ ಹಾಗೆ ನೋವು, ಊತ ಏನೇ ಕಂಡರೂ ಅದೇ ಕ್ಷಣ ಕೂಗಿ. "ಪಾಪ, ಸಿಸ್ಟರ್ ಬೇರೆಯವರನ್ನು ನೋಡ್ತಿದಾರೆ, ಆಮೇಲೆ ಹೇಳಿದರಾಯ್ತು" ಅಂತ ಕಾಯಬೇಡಿ. ಐದು ನಿಮಿಷ ತಡವಾದರೆ ಗಾಯ ಅಷ್ಟು ಆಳವಾಗುತ್ತದೆ. ಕೈನರಗಳು ಸಣ್ಣಗಿದ್ದರೆ, ಹುಡುಕಿ ಹುಡುಕಿ ಚುಚ್ಚುವಂತಾಗಿದ್ದರೆ, ಕೀಮೋ ಪೋರ್ಟ್ ಅಥವಾ ಪಿಕ್ ಲೈನ್ (ಕೈನರ ಹುಡುಕದೆ ದೊಡ್ಡ ನರಕ್ಕೇ ಔಷಧಿ ಮುಟ್ಟಿಸುವ ಕೊಳವೆ) ಹಾಕಿಸಬಹುದಾ ಅಂತ ವೈದ್ಯರನ್ನು ಕೇಳಿ. ಪಿಕ್ ಲೈನ್‌ಗೆ ವಾರಕ್ಕೊಮ್ಮೆ ಡ್ರೆಸಿಂಗ್ ಬೇಕು, ಅಲ್ಲಿ ನೀರು ತಾಗಬಾರದು. ಪೋರ್ಟ್ ಚರ್ಮದ ಒಳಗೇ ಇರುತ್ತದೆ. ಬಳಸದಿದ್ದಾಗಲೂ ವೈದ್ಯರು ಹೇಳಿದ ಅಂತರದಲ್ಲಿ ಅದನ್ನು ತೊಳೆಸಬೇಕು, ಇಲ್ಲವಾದರೆ ಕಟ್ಟಿಕೊಳ್ಳುತ್ತದೆ. ಕೆಂಪು ಔಷಧಿ ಆದ ಒಂದೆರಡು ದಿನ ಮೂತ್ರ ಕೆಂಪಗೆ ಹೋದರೆ ಅದು ಔಷಧಿಯ ಬಣ್ಣ. ಅದರ ಜೊತೆ ಕೊಡುವ ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಕೆಣಕುತ್ತದೆ. ಆದ್ದರಿಂದ ಎರಡು ದಿನ ಎರಡೂವರೆಯಿಂದ ಮೂರು ಲೀಟರ್ ನೀರು ಹೊಟ್ಟೆಗೆ ಹೋಗಲಿ, ಮೂತ್ರ ಕಟ್ಟಿಕೊಂಡು ಕೂರಬೇಡಿ. ಬಸ್ಸಿನಲ್ಲಿ ತೊಂದರೆಯಾಗುತ್ತದೆ ಅಂತ ನೀರು ಕುಡಿಯದೆ ಹೊರಡುವವರಿದ್ದಾರೆ. ಅದು ಬೇಡ. ಹೃದಯ, ಕಿಡ್ನಿ ತೊಂದರೆ ಇದ್ದವರು ಮಾತ್ರ ನೀರಿನ ಲೆಕ್ಕ ಕೇಳಿಕೊಳ್ಳಿ.

ವಾಂತಿಯ ಮಾತ್ರೆಗಳಲ್ಲಿ ಬಹಳ ಮನೆಗಳಲ್ಲಿ ಒಂದೇ ತಪ್ಪಾಗುತ್ತದೆ. ಅಪ್ರೆಪಿಟಂಟ್ ಎಂಬ ಕ್ಯಾಪ್ಸೂಲ್ ಮೂರು ಬರುತ್ತದೆ: ಕೀಮೋಗೆ ಒಂದು ಗಂಟೆ ಮೊದಲು 125 ಮಿಲಿಗ್ರಾಂ, ಮಾರನೇ ದಿನ 80, ಮೂರನೇ ದಿನ 80. ಮೊದಲ ದಿನ ಚೆನ್ನಾಗಿದ್ದೀರಿ ಅಂತ ಉಳಿದೆರಡನ್ನು ಮುಂದಿನ ಸಲಕ್ಕೆ ಎತ್ತಿಡುತ್ತಾರೆ, ದುಬಾರಿ ಮಾತ್ರೆ ನೋಡಿ. ಆದರೆ ಈ ಔಷಧಿಗಳ ವಾಂತಿಗೆ ಎರಡು ಅಲೆ ಇದೆ. ಮೊದಲನೆಯದು ಅದೇ ದಿನ, ಎರಡನೆಯದು ಎರಡರಿಂದ ಐದನೇ ದಿನದೊಳಗೆ. ಎತ್ತಿಟ್ಟ ಮಾತ್ರೆ ಇರುವುದು ಆ ಎರಡನೇ ಅಲೆಗೆ. ಮಾತ್ರೆಗಳನ್ನು ವಾಂತಿ ಬಂದಮೇಲೆ ನುಂಗಿದರೆ ಅದರ ಜೊತೆಗೇ ಆಚೆ ಹೋಗುತ್ತವೆ, ಚೀಟಿಯಲ್ಲಿ ಬರೆದ ಹೊತ್ತಿಗೆ ಮೊದಲೇ ತೆಗೆದುಕೊಳ್ಳಿ. ಅಷ್ಟಾದರೂ ನಿಲ್ಲದಿದ್ದರೆ ಮುಂದಿನ ಸುತ್ತಿಗೆ ಮಾತ್ರೆ ಬದಲಾಯಿಸುತ್ತಾರೆ, ಬೇರೆ ದಾರಿಗಳಿವೆ. ಒಂದಿಡೀ ದಿನ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ, ಡ್ರಿಪ್ ಹಾಕಿದರೆ ಸುಧಾರಿಸುತ್ತದೆ. ವಾಂತಿಗೆ ಕೊಡುವ ಇನ್ನೊಂದು ಮಾತ್ರೆ ಓಂಡಾನ್ಸೆಟ್ರಾನ್‌ಗೆ ಮಲ ಗಟ್ಟಿ ಮಾಡುವ ಗುಣವಿದೆ. ಇದನ್ನು ಹೇಳಲು ಅಕ್ಕಂದಿರು ಬಹಳ ಸಂಕೋಚ ಪಡುತ್ತಾರೆ. ಮುಕ್ಕಿ ಮುಕ್ಕಿ ಗುದದ್ವಾರ ಸೀಳಿದರೆ, ಕೌಂಟ್ (ರಕ್ತದ ಬಿಳಿಕಣಗಳ ಲೆಕ್ಕ) ಕಮ್ಮಿಯಿರುವ ದಿನಗಳಲ್ಲಿ ಅಲ್ಲಿಂದಲೇ ಸೋಂಕು ಒಳಗೆ ಹೋಗುತ್ತದೆ. ಎರಡು ದಿನ ಹೋಗಲಿಲ್ಲ ಅಂದರೆ ಹೇಳಿ. ಎನಿಮಾವನ್ನು ನೀವಾಗಿಯೇ ಹಾಕಿಕೊಳ್ಳಬೇಡಿ.

ಮನೆಯಲ್ಲಿ ಒಗ್ಗರಣೆ ಹಾಕುವಾಗ ಅಕ್ಕನನ್ನು ಅಡುಗೆಮನೆಯಿಂದ ದೂರ ಇರಿಸಿ. ಕಾದ ಎಣ್ಣೆ, ಇಂಗು, ಬೆಳ್ಳುಳ್ಳಿಯ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ಬಿಸಿ ಊಟಕ್ಕಿಂತ ಆರಿದ ಊಟಕ್ಕೆ ವಾಸನೆ ಕಮ್ಮಿ. ತಟ್ಟೆ ತುಂಬ ಬಡಿಸಬೇಡಿ, ಎರಡು ಗಂಟೆಗೊಮ್ಮೆ ಒಂದು ಬಟ್ಟಲು ಸಾಕು.

ಈಗ ನಾವು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಜ್ವರ. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ರಕ್ತಕಣಗಳು ತೀರಾ ಕೆಳಗೆ ಇಳಿಯುತ್ತವೆ. ಆಗ ಮೈಯಲ್ಲಿ ಸೋಂಕು ಹೊಕ್ಕರೂ ಕೀವು, ಊತ, ಕೆಮ್ಮು ಕಾಣದೇ ಇರಬಹುದು, ಯಾಕೆಂದರೆ ಕೀವು ಮಾಡುವುದೇ ಆ ಕಣಗಳು. ಬಹಳ ಸಲ ಹೊರಗೆ ಕಾಣುವ ಒಂದೇ ಗುರುತು ಜ್ವರ. ಒಂದು ಡಿಜಿಟಲ್ ಥರ್ಮಾಮೀಟರ್ ಕೊಂಡುಕೊಳ್ಳಿ. ಬೆಳಿಗ್ಗೆ, ಸಂಜೆ ನಾಲಗೆಯ ಕೆಳಗೆ ಇಟ್ಟು ಕ್ಯಾಲೆಂಡರಿನ ಆ ತಾರೀಕಿನ ಮೇಲೇ ಬರೆಯಿರಿ. ಕಾಫಿ ಕುಡಿದ ಬಾಯಲ್ಲಿ ಇಟ್ಟರೆ ಲೆಕ್ಕ ತಪ್ಪುತ್ತದೆ, ಕಾಲು ಗಂಟೆ ಬಿಟ್ಟು ಇಡಿ. ಕಂಕುಳಲ್ಲಿ ಇಟ್ಟರೆ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. 100.4 ಡಿಗ್ರಿ ಕಂಡರೆ, ಒಂದೇ ಸಲ ಕಂಡರೂ, ನಡುರಾತ್ರಿಯಾದರೂ ಹೊರಡಿ. ಚಳಿ ನಡುಕ ಬಂದರೆ ಜ್ವರ ಇಲ್ಲದಿದ್ದರೂ ಹೊರಡಿ. ಹೊರಡುವ ಮೊದಲು ಪ್ಯಾರಾಸಿಟಮಾಲ್ ನುಂಗಬೇಡಿ. ಅದು ಜ್ವರದ ಅಂಕಿಯನ್ನು ಇಳಿಸುತ್ತದೆ, ಒಳಗಿನ ಸೋಂಕು ಹಾಗೇ ಇರುತ್ತದೆ, ನೋಡಿದ ವೈದ್ಯರಿಗೂ ದಾರಿ ತಪ್ಪುತ್ತದೆ. ಆಸ್ಪತ್ರೆಯಲ್ಲಿ ನೀವು ಹೇಳಬೇಕಾದ ಮೊದಲ ಮಾತು "ಜ್ವರ" ಅಂತ ಅಲ್ಲ. "ನನಗೆ ಕೀಮೋ ಆಗಿ ಇಂತಿಷ್ಟು ದಿನ ಆಯ್ತು, ಈಗ ಜ್ವರ ಬಂದಿದೆ" ಅನ್ನಿ. ಆ ಒಂದು ವಾಕ್ಯಕ್ಕೆ ನಿಮ್ಮನ್ನು ಸಾಲಿನಿಂದ ಮುಂದಕ್ಕೆ ತರುವ ಬಲವಿದೆ. ಕಳಸದ ಆಚೆ, ಕೊಪ್ಪದ ಕಡೆ ಎಸ್ಟೇಟ್ ಲೈನುಗಳಲ್ಲಿ ಇರುವವರು, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವ ಊರಿನವರು, ರಾತ್ರಿ ಹೊತ್ತು ಯಾರ ಜೀಪು ಸಿಗುತ್ತದೆ ಅಂತ ಕೀಮೋ ದಿನವೇ ಮಾತಾಡಿಟ್ಟುಕೊಳ್ಳಿ. 108ಕ್ಕೆ ಕರೆ ಮಾಡಿದರೂ ಇದೇ ವಾಕ್ಯ ಹೇಳಿ.

ಕೌಂಟ್ ಏರಿಸುವ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ ಇಡಿ. ಮೇಲಿನ ಫ್ರೀಜರಿನಲ್ಲಿ ಇಟ್ಟು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ತರುವಾಗ ಅಗಲ ಬಾಯಿಯ ಫ್ಲಾಸ್ಕಿಗೆ ಐಸ್ ಹಾಕಿ, ಇಂಜೆಕ್ಷನ್ನಿನ ಡಬ್ಬಿಗೆ ಎರಡು ಮಡಿಕೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಇಡಿ, ಐಸ್ ನೇರವಾಗಿ ತಾಗದಿರಲಿ. ಇದನ್ನು ಕೀಮೋ ಮುಗಿದು 24 ಗಂಟೆ ಕಳೆದ ಮೇಲೆ ಹಾಕಿಸಬೇಕು. ಸೊಂಟ, ಬೆನ್ನುಮೂಳೆ, ಎದೆಮೂಳೆ ಜಗ್ಗಿದ ಹಾಗೆ ನೋಯುತ್ತದೆ. ಮೂಳೆಮಜ್ಜೆ ಕಣಗಳನ್ನು ಅವಸರದಲ್ಲಿ ತಯಾರಿಸುವ ನೋವು ಅದು, ಕ್ಯಾನ್ಸರ್ ಮೂಳೆಗೆ ಹೋಯಿತು ಅಂತ ಹೆದರಬೇಡಿ. ನೋವಿಗೆ ಮಾತ್ರೆ ನುಂಗುವ ಮುಂಚೆ ಜ್ವರ ನೋಡಿಕೊಳ್ಳಿ.

ಕೌಂಟ್ ಕಮ್ಮಿಯಿರುವ ದಿನಗಳಲ್ಲಿ ಕೊಟ್ಟಿಗೆ ಬಾಚುವುದು, ಗೊಬ್ಬರ ಎತ್ತುವುದು, ಹಾಲು ಕರೆಯುವುದು ಮನೆಯ ಬೇರೆಯವರದ್ದಾಗಲಿ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಇದು ಸುಲಭವಲ್ಲ ಅಂತ ಗೊತ್ತು. ಆದರೂ ಒಂದೊಂದು ಸುತ್ತಿಗೆ ಎಂಟು ದಿನದ ಮಾತು ಅದು, ಗಂಡಸರೇ ಹೊಂದಿಸಿಕೊಳ್ಳಬೇಕು. ನೀರು ಕುದಿಸಿ ಆರಿಸಿದ್ದು, ಹಾಲು ಕಾಯಿಸಿದ್ದು, ಮೊಟ್ಟೆ ಪೂರ್ತಿ ಬೆಂದದ್ದು, ಹಣ್ಣು ಸಿಪ್ಪೆ ಸುಲಿದದ್ದು. ಹಸಿ ಕೋಸಂಬರಿ, ಹೊರಗೆ ಹೆಚ್ಚಿಟ್ಟ ಹಣ್ಣು ಬೇಡ.

ಬಾಯಿಹುಣ್ಣಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ, ದಿನಕ್ಕೆ ಐದಾರು ಸಲ ಮುಕ್ಕಳಿಸಿ ಉಗಿಯಿರಿ. ದಿನವೂ ಹೊಸದಾಗಿ ಮಾಡಿಕೊಳ್ಳಿ. ಅಂಗಡಿಯ ಖಾರದ ಮೌತ್‌ವಾಶ್ ಉರಿಯನ್ನು ಹೆಚ್ಚಿಸುತ್ತದೆ. ನಾಲಗೆಯ ಮೇಲೆ ಮೊಸರಿನಂತೆ ಬಿಳಿ ಪದರ ಕಟ್ಟಿದರೆ ಅದು ಶಿಲೀಂಧ್ರ, ಅದಕ್ಕೆ ಬೇರೆ ಮದ್ದು ಬೇಕು. ಈ ಹೊತ್ತಿಗೆ ನಮ್ಮ ರಾಗಿಮುದ್ದೆಯಂಥ ಊಟ ಇನ್ನೊಂದಿಲ್ಲ. ಅಗಿಯುವ ಕೆಲಸವಿಲ್ಲ, ಮೆತ್ತಗೆ ತೊಳಸಿ, ಖಾರ ಹುಳಿ ತಗ್ಗಿಸಿದ ಬೇಳೆಸಾರಿನಲ್ಲಿ ಅದ್ದಿದರೆ ಗಂಟಲಲ್ಲಿ ಜಾರಿ ಹೋಗುತ್ತದೆ. ರಾಗಿಯಲ್ಲಿ ಪ್ರೋಟೀನ್ ಅಷ್ಟಾಗಿ ಇಲ್ಲದ್ದರಿಂದ ಜೊತೆಗೆ ಬೇಳೆ, ಹೆಸರುಕಾಳು, ಮೊಟ್ಟೆ, ಮೀನು ಏನಾದರೊಂದು ಇರಲೇಬೇಕು. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ, ಒಂದು ಲೋಟ ಹಾಲಿಗೂ ಹೆಚ್ಚುಕಮ್ಮಿ ಅಷ್ಟೇ. ಐವತ್ತು ಕಿಲೋ ತೂಕದ ಅಕ್ಕನಿಗೆ ದಿನಕ್ಕೆ 60 ಗ್ರಾಂ ಹತ್ತಿರ ಬೇಕು. ಮಾಂಸ ತಿಂದರೆ ಗಾಯ ಕೀವಾಗುತ್ತದೆ, ಮೊಟ್ಟೆ ಉಷ್ಣ ಅನ್ನುವ ಮಾತು ಕೇಳಿ ಪಥ್ಯ ಮಾಡಿದವರು ಸೊರಗುತ್ತಾರೆ, ಕೌಂಟ್ ಏರುವುದೂ ತಡವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್‌ನಿಂದ ಎರಡು ಮೂರು ದಿನ ಶುಗರ್ ಏರುತ್ತದೆ, ಮನೆಯಲ್ಲೇ ನೋಡಿಕೊಂಡು ತಿಳಿಸಿ. ಅಮೃತಬಳ್ಳಿ ಕಷಾಯ, ಲಕ್ಷ್ಮಣಫಲದ ಎಲೆ ಅಂತ ಒಳ್ಳೆಯ ಮನಸ್ಸಿನಿಂದಲೇ ತಂದುಕೊಡುತ್ತಾರೆ. ಅಮೃತಬಳ್ಳಿಯಿಂದ ಕೆಲವರ ಲಿವರಿಗೆ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕೀಮೋ ಔಷಧಿಗಳು ಕರಗಿ ಹೋಗಬೇಕಾದದ್ದೂ ಲಿವರಿನ ಮೂಲಕವೇ. ಕುಡಿದಿದ್ದರೆ ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ.

ರಕ್ತಪರೀಕ್ಷೆಯಲ್ಲಿ ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿಕಣ) ಸಾಮಾನ್ಯವಾಗಿ 1,500ರ ಆಸುಪಾಸು, ಪ್ಲೇಟ್‌ಲೆಟ್ ಒಂದು ಲಕ್ಷ ಇದ್ದರೆ ಮುಂದಿನ ಸುತ್ತು. ಇಲ್ಲದಿದ್ದರೆ ಒಂದು ವಾರ ಮುಂದೂಡುತ್ತಾರೆ. ಅಷ್ಟು ದೂರ ಬಂದು ವಾಪಸು ಹೋಗುವ ಬೇಸರ ದೊಡ್ಡದು, ಆದರೆ ಅದರಿಂದ ಚಿಕಿತ್ಸೆ ಕೆಟ್ಟಿತು ಅಂದುಕೊಳ್ಳಬೇಡಿ. ನಿಜವಾಗಿ ಕೆಡುವುದು ಬೇರೆ ಕಡೆ. ಆಪರೇಷನ್ನಿಗೆ ಮೊದಲು ಕೀಮೋ ಕೊಟ್ಟಾಗ ಎರಡು ಮೂರು ಸುತ್ತಿಗೆ ಗಂಟು ಕೈಗೇ ಸಿಗದಷ್ಟು ಕರಗುವುದುಂಟು. "ಗಂಟೇ ಹೋಯ್ತಲ್ಲ, ಇನ್ಯಾಕೆ" ಅಂತ ನಿಲ್ಲಿಸಿಬಿಡುತ್ತಾರೆ. ರಾಗಿ ಹೊಲಕ್ಕೆ ಒಂದು ಸಲ ಕುಂಟೆ ಹೊಡೆದರೆ ಕಳೆ ಮುಗಿಯುತ್ತದೆಯೇ? ಮೇಲಿನದು ಸಾಯುತ್ತದೆ, ಮಣ್ಣಿನಲ್ಲಿರುವುದು ಮುಂದಿನ ಮಳೆಗೆ ಏಳುತ್ತದೆ. ಹಾಗೇ ಒಂದೊಂದು ಸುತ್ತೂ ಒಂದಿಷ್ಟು ಕಣಗಳನ್ನು ಕೊಲ್ಲುತ್ತದೆ, ಉಳಿದವು ಬಿಡುವು ಸಿಕ್ಕರೆ ಬೆಳೆಯುತ್ತವೆ. ಒಂದು ಸುತ್ತಿನಿಂದ ಇನ್ನೊಂದಕ್ಕೆ 21 ದಿನದ ಲೆಕ್ಕ ಇರುವುದು ನಿಮ್ಮ ಮೈ ಚೇತರಿಸಿಕೊಳ್ಳಲಿ, ಅವು ಚೇತರಿಸಿಕೊಳ್ಳದಿರಲಿ ಅಂತ.

ಕೆಂಪು ಔಷಧಿ ನಾಲ್ಕು ಸುತ್ತು ಮುಗಿದಮೇಲೆ ಹಲವರಿಗೆ ಪಾಕ್ಲಿಟಾಕ್ಸೆಲ್ ವಾರಕ್ಕೊಂದರಂತೆ ಹನ್ನೆರಡು. ಇದರಲ್ಲಿ ವಾಂತಿ ಬಹಳ ಕಮ್ಮಿ, ಮುಖದಲ್ಲಿ ಕಳೆ ಬರಲು ಶುರುವಾಗುತ್ತದೆ. ಹಾಕಿದ ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಎದೆ ಬಿಗಿತ, ಮುಖ ಕೆಂಪಾಗುವುದು, ಸೊಂಟ ನೋವು ಬಂದರೆ ತಕ್ಷಣ ಹೇಳಿ, ನಿಲ್ಲಿಸಿ ಇಂಜೆಕ್ಷನ್ ಕೊಟ್ಟು ಮತ್ತೆ ನಿಧಾನವಾಗಿ ಹಾಕುತ್ತಾರೆ. ವಾರಗಳು ಕಳೆದಂತೆ ಬೆರಳ ತುದಿ, ಅಂಗಾಲು ಜುಮ್ಮೆನ್ನುತ್ತವೆ. ಬ್ಲೌಸಿನ ಹುಕ್ ಹಾಕಲು ಬರುತ್ತಿಲ್ಲ, ಕಾಲಲ್ಲಿದ್ದ ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ ಅನ್ನುವ ಹಂತಕ್ಕೆ ಬಂದರೆ ಅವತ್ತೇ ಹೇಳಿ. ಆಗ ಡೋಸ್ ಇಳಿಸಬಹುದು. ಮುಚ್ಚಿಟ್ಟು ಹನ್ನೆರಡನ್ನೂ ಮುಗಿಸಿದರೆ ಆ ಜೋಮು ವರ್ಷಗಟ್ಟಲೆ ಉಳಿಯಬಹುದು. ಬಿಸಿ ಪಾತ್ರೆಯನ್ನು ಬರಿಗೈಲಿ ಹಿಡಿಯಬೇಡಿ, ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ಕೂದಲು ಮೊದಲ ಸುತ್ತಿನ ಎರಡು ಮೂರನೇ ವಾರಕ್ಕೆ ಉದುರುತ್ತದೆ. ಸ್ನಾನದ ನೀರು ಹೋಗುವ ಬಾಯಿಗೆ ಗುಂಪು ಗುಂಪಾಗಿ ಅಡ್ಡ ಸಿಕ್ಕಿಕೊಂಡದ್ದನ್ನು ನೋಡುವ ಆ ಬೆಳಗು ಕಷ್ಟದ್ದು. ಮೊದಲೇ ಗಿಡ್ಡ ಮಾಡಿಸಿಕೊಂಡರೆ ಆಘಾತ ಸ್ವಲ್ಪ ಕಮ್ಮಿ. ಚಿಕಿತ್ಸೆ ಮುಗಿದ ಒಂದೆರಡು ತಿಂಗಳಿಗೆ ಮತ್ತೆ ಬರುತ್ತದೆ, ಕೆಲವರಿಗೆ ಗುಂಗುರಾಗಿ ಬರುತ್ತದೆ.

ಆಪರೇಷನ್ ಆದವರನ್ನು ಮನೆಗೆ ಡ್ರೈನ್ (ಗಾಯದ ನೀರು ಎಳೆಯುವ ಕೊಳವೆ, ಅದರ ತುದಿಗೆ ಹಿಸುಕುವ ಉಂಡೆ) ಜೊತೆಗೇ ಕಳಿಸುತ್ತಾರೆ. ಬೆಳಿಗ್ಗೆ ಸಂಜೆ ಖಾಲಿ ಮಾಡಿ, ಎಷ್ಟು ಮಿಲಿಲೀಟರ್ ಅಂತ ಬರೆಯಿರಿ. ಮುಚ್ಚಳ ಹಾಕುವ ಮುಂಚೆ ಆ ಉಂಡೆಯನ್ನು ಪೂರ್ತಿ ಹಿಸುಕಿ, ಹಿಸುಕಿದಂತೆಯೇ ಮುಚ್ಚಿ. ಗಾಳಿ ಉಳಿದರೆ ಎಳೆಯುವುದಿಲ್ಲ, ನೀರು ಒಳಗೇ ಕಟ್ಟಿಕೊಂಡು ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ದಿನಕ್ಕೆ 30 ಮಿಲಿಲೀಟರಿಗಿಂತ ಕಮ್ಮಿಯಾದಾಗ ತೆಗೆಯುತ್ತಾರೆ. ಮಾರನೇ ದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಿಸುವುದು ಶುರುವಾಗಲಿ. ಡ್ರೈನ್ ತೆಗೆದಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತ ದಿನಕ್ಕೊಂದು ಗೆರೆ ಮೇಲೆ ಹೋಗಿ. ಹೊಲಿಗೆ ಬಿಚ್ಚುತ್ತದೆ ಅಂತ ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದವರಿಗೆ ಮುಂದೆ ರೇಡಿಯೇಷನ್ ಟೇಬಲ್ ಮೇಲೆ ತೋಳನ್ನು ತಲೆಯ ಮೇಲೆತ್ತಿ ಮಲಗಲು ಆಗುವುದಿಲ್ಲ, ಚಿಕಿತ್ಸೆಯೇ ತಡವಾಗುತ್ತದೆ.

ಕಂಕುಳಿನ ಗಂಟುಗಳನ್ನು ತೆಗೆದ ಕೈ ಊದಿಕೊಳ್ಳುವ ಸಾಧ್ಯತೆ ಜೀವಮಾನವಿಡೀ ಇರುತ್ತದೆ. ಮೊದಲು ತಿಳಿಸುವುದು ಬಳೆ. ನಿನ್ನೆ ತನಕ ಸಲೀಸಾಗಿ ಜಾರುತ್ತಿದ್ದ ಗಾಜಿನ ಬಳೆ ಮಣಿಕಟ್ಟಿನ ಮೇಲೆ ನಿಂತರೆ, ಬ್ಲೌಸಿನ ತೋಳು ಒಂದೇ ಕಡೆ ಬಿಗಿದು ಗೆರೆ ಬಿದ್ದರೆ, ಟೇಪ್ ಹಿಡಿದು ಮೊಣಕೈಯಿಂದ 10 ಸೆಂಟಿಮೀಟರ್ ಮೇಲೆ, 10 ಸೆಂಟಿಮೀಟರ್ ಕೆಳಗೆ ಎರಡೂ ಕೈ ಅಳೆಯಿರಿ. 2 ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಬನ್ನಿ. ಆಗ ಪಟ್ಟಿ, ತೋಳುಚೀಲ, ವ್ಯಾಯಾಮದಿಂದ ಹಿಡಿತಕ್ಕೆ ಬರುತ್ತದೆ. ಗಟ್ಟಿಯಾದಮೇಲೆ ಬಂದರೆ ಕಷ್ಟ. ಕಾಫಿ ಹಣ್ಣು ಬಿಡಿಸುವಾಗ ತುಂಬುತೋಳಿನ ಅಂಗಿ, ಕೈಗವಸು ಇರಲಿ, ಬುಟ್ಟಿ ಆ ಭುಜಕ್ಕೆ ಬೇಡ. ಇಂಬಳ ಕಚ್ಚಿದರೆ, ಮುಳ್ಳು ಗೀರಿದರೆ ಸೋಪು ಹಾಕಿ ತೊಳೆಯಿರಿ. ಕೈ ಕೆಂಪಗಾಗಿ ಬಿಸಿಯೇರಿದರೆ ಅವತ್ತೇ ಆ್ಯಂಟಿಬಯಾಟಿಕ್ ಬೇಕು. ರಕ್ತ ತೆಗೆಯಲು, ಬಿಪಿ ನೋಡಲು ಇನ್ನೊಂದು ಕೈ ಕೊಡಿ.

ರೇಡಿಯೇಷನ್ನಿಗೆ "ಕರೆಂಟ್ ಕೊಡುವುದು" ಅನ್ನುತ್ತೀರಲ್ಲ, ಅದರಲ್ಲಿ ಶಾಕ್ ಇಲ್ಲ, ನೋವಿಲ್ಲ. ಮನೆಗೆ ಬಂದು ಮಗುವನ್ನು ಅಪ್ಪಿಕೊಂಡರೆ ಅದಕ್ಕೇನೂ ಆಗುವುದಿಲ್ಲ. ಈಗ ಹಲವರಿಗೆ 15 ಸಲಕ್ಕೇ ಮುಗಿಯುತ್ತದೆ, ವಾರಕ್ಕೆ ಐದು ದಿನದಂತೆ ಮೂರು ವಾರ. ಮೈಮೇಲೆ ಹಾಕಿದ ಗುರುತು ಅಳಿಸಬೇಡಿ. ಅಲ್ಲಿಗೆ ಅರಿಸಿನ, ಕೊಬ್ಬರಿ ಎಣ್ಣೆ, ಪೌಡರ್ ಏನೂ ಹಚ್ಚಬೇಡಿ, ಮೆತ್ತನೆ ಹತ್ತಿ ಬಟ್ಟೆ ಸಾಕು. ಚರ್ಮ ತೀರಾ ಕಪ್ಪಾಗಿ ಸುಲಿಯುವುದು ರೇಡಿಯೇಷನ್ ಮುಗಿದ ಒಂದೆರಡು ವಾರಕ್ಕೆ. ಮುಗಿದಮೇಲೆ ಯಾಕೆ ಜಾಸ್ತಿಯಾಯಿತು ಅಂತ ಕಂಗಾಲಾಗಬೇಡಿ, ಅದು ಹಾಗೆಯೇ.

ಖರ್ಚಿನ ಮಾತನ್ನೂ ನುಂಗಿಕೊಳ್ಳಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಮೊದಲೇ ಮಾಡಿಸಿ, ಆಮೇಲೆ ಓಡಾಡುವಂತಾಗಬಾರದು. ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರಿಗೆ, ಆಸ್ಪತ್ರೆಯವರು ರೈಲ್ವೆ ನಮೂನೆಯಲ್ಲಿ ಬರೆದುಕೊಟ್ಟರೆ, ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ರೋಗಿಗೆ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಮುಕ್ಕಾಲು ಪಾಲು ರಿಯಾಯಿತಿ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ಶುರುಮಾಡಿದೆ. ಕಿದ್ವಾಯಿಯಲ್ಲೋ ಮೈಸೂರಿನಲ್ಲೋ ಆರಂಭಿಸಿದ ಚಿಕಿತ್ಸೆಯ ಉಳಿದ ಸುತ್ತುಗಳನ್ನು ಹತ್ತಿರದಲ್ಲೇ ಹಾಕಿಸಬಹುದಾ ಅಂತ ಕೇಳಿ. ಬಯಾಪ್ಸಿ ರಿಪೋರ್ಟ್, ಕ್ಯಾನ್ಸರಿನ ಬಗೆ ತಿಳಿಸುವ ಇಆರ್ ಪಿಆರ್ ಹರ್2 ರಿಪೋರ್ಟ್, ಹೃದಯದ ಎಕೋ, ಪ್ರತಿ ಸುತ್ತಿನ ಚೀಟಿ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಇರಲಿ.

ನೋಡಲು ಬರುವವರಿಗೆ ಒಂದು ವಿನಂತಿ. ಇದು ಅಂಟುರೋಗವಲ್ಲ, ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ಇದೇ ಕಾಯಿಲೆಯಲ್ಲಿ ಹೋದವರ ಕಥೆ ದಯವಿಟ್ಟು ಆ ಮಂಚದ ಪಕ್ಕ ಹೇಳಬೇಡಿ. "ಧೈರ್ಯವಾಗಿರು" ಅಂದು ಎದ್ದು ಹೋಗುವುದಕ್ಕಿಂತ "ಬುಧವಾರ ರಕ್ತ ಪರೀಕ್ಷೆಗೆ ನಾನು ಜೊತೆಗೆ ಬರ್ತೀನಿ, ಹಸು ನಮ್ಮ ಹುಡುಗ ನೋಡ್ಕೋತಾನೆ" ಅನ್ನಿ. ಅಳು ಬಂದರೆ ಅಕ್ಕ ಅಳಲಿ, ತಡೆಯಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಕೀಮೋ ವೈದ್ಯರಿಗೂ ತಿಳಿಸಿ.

ಆರೋಗ್ಯ ಇಲಾಖೆಯ ಅಧಿಕಾರಿಗಳೇ, ನಿಮ್ಮಿಂದ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಸಕಲೇಶಪುರ, ಬೇಲೂರು, ಅರಕಲಗೂಡು, ಮೂಡಿಗೆರೆ, ಕೊಪ್ಪ, ಶೃಂಗೇರಿ, ಎಲ್ಲ ತಾಲ್ಲೂಕು ಆಸ್ಪತ್ರೆಗಳ ಕ್ಯಾಶುಯಾಲಿಟಿ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ: ಕೀಮೋ ಆದವರಿಗೆ ಜ್ವರ ಬಂದರೆ ವೈರಲ್ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಬಾರದು, ರಕ್ತ ತೆಗೆದು ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯಾಟಿಕ್ ನರಕ್ಕೆ ಕೊಡಬೇಕು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಕೌಂಟ್ ಪರೀಕ್ಷೆಯ ಫಲಿತಾಂಶ ಅದೇ ದಿನ ಸಿಗುವಂತೆ ಮಾಡಿ. ಲಸಿಕೆ ಇಡುವ ತಂಪಿನ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದೆ. ಫಿಲ್ಗ್ರಾಸ್ಟಿಮ್ ಇಡಲು ಅಲ್ಲೇ ಒಂದು ಪ್ರತ್ಯೇಕ ಚಿಕ್ಕ ಫ್ರಿಜ್ ಕೊಡಿ, ಆ ಇಂಜೆಕ್ಷನ್ ಹಾಕಲು, ಪಿಕ್ ಲೈನ್ ಡ್ರೆಸಿಂಗ್ ಮಾಡಲು ಒಬ್ಬ ಸಿಸ್ಟರಿಗೆ ತರಬೇತಿ ಕೊಡಿ. ಬಿಳಿಕಣ ಕಮ್ಮಿಯಿರುವ ಹೆಂಗಸು ಐದು ನಿಮಿಷದ ಇಂಜೆಕ್ಷನ್ನಿಗಾಗಿ ತುಂಬಿದ ಬಸ್ಸಿನಲ್ಲಿ ದಿನವೂ ಐವತ್ತು ಕಿಲೋಮೀಟರ್ ಹೋಗಿಬರುವುದು ತಪ್ಪುತ್ತದೆ.

ಅಕ್ಕ, ನಾಲ್ಕನೇ ಸುತ್ತಿಗೆ ಬರುವಾಗ ಒಂದು ಚೀಟಿ ಬರೆದುಕೊಂಡು ಬನ್ನಿ. ಎಷ್ಟನೇ ದಿನ ವಾಂತಿ ಜಾಸ್ತಿಯಾಯಿತು, ಎಷ್ಟು ದಿನ ಬಾಯಿ ನೋಯಿತು, ಜ್ವರದ ಅಂಕಿಗಳು, ಮಲ ಹೋದದ್ದು ಹೋಗದ್ದು, ನಿದ್ದೆ. ಕೋಣೆಯೊಳಗೆ ಹೋದ ಕೂಡಲೇ ಎಲ್ಲ ಮರೆತು "ಪರವಾಗಿಲ್ಲ ಡಾಕ್ಟ್ರೇ" ಅಂದುಬಿಡುತ್ತೀರಿ. ಬಾಯಿ ಬರದಿದ್ದರೆ ಆ ಚೀಟಿಯನ್ನೇ ಅವರ ಕೈಗೆ ಕೊಡಿ.

ಇಂತಿ,
ಹಾಸನ, ಚಿಕ್ಕಮಗಳೂರು ಭಾಗದಲ್ಲಿ ಕ್ಯಾನ್ಸರ್ ರೋಗಿಗಳ ಆರೈಕೆಯಲ್ಲಿರುವ ಕೆಲವು ಶುಶ್ರೂಷಕಿಯರು